ಮರಳಿ ಬಂದ ಮಗಳ ಪಾಲನೆ ಪೋಷಣೆ

ಮಗಳು ರಾತ್ರಿ ಬಂದು ಸೇರುವಂತೆ ನೋಡಿಕೊಳ್ಳಿ. ಬೆಂಗಳೂರಿನಿಂದ ಬರುವವಳಾದರೆ ಸಂಜೆ ಏಳರ ಮೇಲಿನ ಬಸ್ಸು ಹತ್ತಲು ಹೇಳಿ. ಮೈಸೂರು ಮುಟ್ಟಿ, ಆಟೋ ಹಿಡಿದು, ಕುವೆಂಪುನಗರದ ನಿಮ್ಮ ಕ್ರಾಸಿಗೆ ತಿರುಗುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ಎದುರು ಮನೆಯ ಧಾರಾವಾಹಿಗಳೆಲ್ಲ ಮುಗಿದು ವರಾಂಡದ ದೀಪ ಆರಿರುತ್ತದೆ. ಹಗಲಲ್ಲಿ ಬಂದರೆ ಬೀದಿ ಸೂಟ್‌ಕೇಸು ಎಣಿಸುತ್ತದೆ. ಎರಡಿದ್ದರೆ ರಜೆಗೆ ಬಂದಿದ್ದಾಳೆ ಎಂದು ದಾಟಿಸಬಹುದು. ನಾಲ್ಕಿದ್ದು, ಜೊತೆಗೆ ಮಗುವಿನ ಸೈಕಲ್ಲೂ ಇಳಿದರೆ ಯಾವ ರಜೆಯೂ ಅಷ್ಟನ್ನು ಹೊರಲಾರದು. ಉಳಿದ ಸಾಮಾನಿನ ಟೆಂಪೋವನ್ನು ಹದಿನೈದು ದಿನ ತಡೆದು ತರಿಸಿ. ಯಾರಾದರೂ ಇಣುಕಿದರೆ, ‘ವಾಷಿಂಗ್ ಮಷೀನ್ ಕೆಟ್ಟಿತ್ತು, ಸೆಕೆಂಡ್ ಹ್ಯಾಂಡಲ್ಲಿ ಒಂದು ಸಿಕ್ತು’ ಎನ್ನಿ.

ಗೇಟಿನವರೆಗೆ ಓಡಬೇಡಿ. ಬಾಗಿಲಲ್ಲಿ ನಿಂತು, ಕನ್ನಡಕ ಒರೆಸಿಕೊಳ್ಳುತ್ತ, ‘ಬಾಮ್ಮ, ಊಟ ಆಯ್ತಾ?’ ಎಂದಷ್ಟೇ ಕೇಳಿ. ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಳ್ಳಿ, ಅದಕ್ಕೇನೂ ಅಡ್ಡಿಯಿಲ್ಲ. ಎತ್ತಿಕೊಂಡಾಗ, ‘ಪಾಪ, ಈ ಮಗು ಏನು ತಪ್ಪು ಮಾಡಿತ್ತು?’ ಎಂದು ಅಜ್ಜಿಯ ಬಾಯಲ್ಲಿ ಹೇಳಿಸಿ. ಹಾಗಾದರೆ ತಪ್ಪು ಮಾಡಿದವರು ಯಾರು ಎಂಬ ಲೆಕ್ಕವನ್ನು ಮಗಳು ಚಪ್ಪಲಿ ಬಿಡುವಾಗಲೇ ಮಾಡಿ ಮುಗಿಸುತ್ತಾಳೆ.

ಮುಂದಕ್ಕೆ ಹೋಗುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಲಿ. ಈ ಕೈಪಿಡಿ ಓದುಬರಹ ಬಲ್ಲ, ನಾಲ್ಕು ಜನರಲ್ಲಿ ಹೆಸರಿರುವ, ತಿಂಗಳಿಗೆ ಸರಿಯಾಗಿ ಪಿಂಚಣಿ ಬರುವ ಯಜಮಾನರಿಗಾಗಿ. ಮಗಳ ಮುಖದ ಮೇಲೆ ಬಾಗಿಲು ಹಾಕಿ, ಕೆರೆಯೋ ಬಾವಿಯೋ ನೋಡಿಕೋ ಎನ್ನುವ ಒರಟರಿಗೆ ಇಲ್ಲಿ ಏನೂ ಇಲ್ಲ. ಬಾಗಿಲು ಹಾಕಿದವರ ಮೇಲೆ ಮಗಳಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದವಳು ವಕೀಲರ ಹತ್ತಿರ ಹೋಗುತ್ತಾಳೆ. ಬಾಗಿಲು ತೆರೆದವರಿಗೆ ಅವಳು ಋಣಿಯಾಗುತ್ತಾಳೆ. ನಿಮ್ಮ ಗುರಿ ಆ ಋಣ. ಅದು ದಿನಾ ಸ್ವಲ್ಪ ಸ್ವಲ್ಪ ಬೆಳೆಯಬೇಕು, ಎಂದೂ ತೀರಬಾರದು.

ಕೋಣೆಯಿಂದ ಶುರು ಮಾಡಿ. ಅವಳ ಹಳೆಯ ಕೋಣೆಯನ್ನೇ ಕೊಡಿ, ಖಾಲಿ ಮಾಡಿ ಮಾತ್ರ ಕೊಡಬೇಡಿ. ಅವಳು ಮದುವೆಯಾಗಿ ಹೋದ ಮೇಲೆ ಅಲ್ಲಿ ಬಂದು ಸೇರಿಕೊಂಡ ಇಸ್ತ್ರಿ ಮೇಜು, ಮಗನ ವ್ಯಾಯಾಮದ ಸೈಕಲ್, ಗಣೇಶನ ಮಂಟಪ, ಊರಿನ ಗದ್ದೆಯ ಅಕ್ಕಿ ಮೂಟೆ ಎಲ್ಲ ಅಲ್ಲಲ್ಲೇ ಇರಲಿ. ಬೀರುವಿನಲ್ಲಿ ಒಂದು ಅರೆ ಬಿಡಿಸಿಕೊಡಿ. ಉಳಿದದ್ದರಲ್ಲಿ ಅತ್ತಿಗೆಯ ರೇಷ್ಮೆ ಸೀರೆಗಳಿವೆ, ಬೀಗದ ಕೈ ಅತ್ತಿಗೆಯ ಹತ್ತಿರ. ಹೀಗೆ ಮಾಡಿದರೆ ಅಕ್ಕಿಗೆ, ಇಸ್ತ್ರಿಗೆ, ಸೀರೆಗೆ ಅಂತ ದಿನಕ್ಕೆ ಹತ್ತು ಸಲ ಯಾರಾದರೊಬ್ಬರು ಆ ಕೋಣೆಗೆ ಹೋಗಲೇಬೇಕಾಗುತ್ತದೆ. ಬಾಗಿಲು ತಟ್ಟಬೇಡಿ. ‘ನಮ್ಮನೇಲಿ ಬಾಗಿಲು ಹಾಕ್ಕೊಳ್ಳೋ ಅಭ್ಯಾಸ ಯಾರಿಗೂ ಇಲ್ಲ’ ಎಂಬುದನ್ನು ಮೊದಲ ವಾರದಲ್ಲೇ ನಗುನಗುತ್ತ ಹೇಳಿಬಿಡಿ. ಮಹಡಿಯ ಮೇಲೆ ಅಣ್ಣ ಅತ್ತಿಗೆ ಬಾಗಿಲು ಹಾಕಿಕೊಳ್ಳುತ್ತಾರಲ್ಲ ಎಂದು ಅವಳು ಕೇಳುವುದಿಲ್ಲ. ಒಂದು ವೇಳೆ ಕೇಳಿದರೆ, ‘ಅವರು ಸಂಸಾರಸ್ಥರಮ್ಮ’ ಎನ್ನಿ.

ವಾರಕ್ಕೊಂದು ಸಲ ‘ಇದು ನಿನ್ನ ಮನೇನೇ ಅಲ್ವೇನಮ್ಮ’ ಎಂದು ಹೇಳುವುದನ್ನು ಮರೆಯಬೇಡಿ. ಮಗನಿಗೆ ಈ ಮಾತನ್ನು ನೀವು ಯಾವತ್ತೂ ಹೇಳಿಲ್ಲ, ಹೇಳುವ ಅಗತ್ಯವೇ ಬಿದ್ದಿಲ್ಲ. ಅವಳಿಗೆ ಅದೂ ಗೊತ್ತು.

ಅವಳು ಯಾಕೆ ಬಿಟ್ಟು ಬಂದಳು ಎಂದು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತಾಳೆ. ಹೇಳಿದರೆ ನಿಮಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ‘ಹೊಂದಿಕೊಂಡು ಹೋಗಬೇಕಿತ್ತು’ ಎನ್ನುವಾಗ ಧ್ವನಿ ನಡುಗುತ್ತದೆ. ಅವಳು ಆರಿಸಿಕೊಂಡ ಪರಸ್ಪರ ಒಪ್ಪಿಗೆಯ ವಿಚ್ಛೇದನ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದು 1976ರಲ್ಲಿ. ಅರ್ಜಿ ಹಾಕುವ ಮೊದಲು ಗಂಡ ಹೆಂಡತಿ ಒಂದು ವರ್ಷ ಬೇರೆ ಬೇರೆ ಇರಬೇಕು. ಹಾಕಿದ ಮೇಲೆ ಮನಸ್ಸು ಬದಲಾದೀತೇ ನೋಡೋಣ ಎಂದು ಇನ್ನೂ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ನ್ಯಾಯಾಲಯ ಬೇಕಾದರೆ ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತಾದರೂ, ಮೊದಲಿನ ವರ್ಷ ಹಾಗೇ ಇದೆ. ಅಂದರೆ ನಿಮ್ಮ ಮಗಳು ಕಡಿಮೆಯೆಂದರೂ ವರ್ಷದ ಮೇಲೆ ಯೋಚಿಸಿದ್ದಾಳೆ. ಕೌಟುಂಬಿಕ ನ್ಯಾಯಾಲಯದ ಬೆಂಚಿನ ಮೇಲೆ ಮಗುವನ್ನು ಮಲಗಿಸಿಕೊಂಡು ತನ್ನ ಹೆಸರು ಕೂಗುವುದನ್ನು ಕಾದಿದ್ದಾಳೆ. ನೀವು ಇದೆಲ್ಲ ಬಸ್ಸಿನಲ್ಲಿ ಬರುವಾಗ ತೀರ್ಮಾನವಾಯಿತೇನೋ ಎಂಬಂತೆ, ಕಾಫಿ ಆರಿಸಿಕೊಳ್ಳುತ್ತ, ‘ಸ್ವಲ್ಪ ಯೋಚನೆ ಮಾಡಬೇಕಿತ್ತು’ ಎನ್ನಿ. ಡಿಕ್ರಿ ಬಂದು, ಎಲ್ಲ ಮುಗಿದ ಮೇಲೆ ಶಿವಮೊಗ್ಗದಿಂದ ದೊಡ್ಡಪ್ಪನನ್ನು ಕರೆಸಿ ರಾಜಿ ಪಂಚಾಯ್ತಿ ಮಾಡಿಸಿ. ಅದರಿಂದ ಏನೂ ಆಗುವುದಿಲ್ಲ. ದೊಡ್ಡಪ್ಪನಿಗೆ ಎರಡು ದಿನ ಒಳ್ಳೆಯ ಊಟವಾಗುತ್ತದೆ, ಅಡುಗೆ ಹೇಗೂ ಅವಳದೇ.

ಇನ್ನು ಬೀದಿಗೆ ಏನು ಹೇಳಬೇಕು ಎಂಬ ಪ್ರಶ್ನೆ. ಅಳಿಯನನ್ನು ಪರದೇಶಕ್ಕೆ ಕಳಿಸಿಬಿಡಿ. ದೇಶ ಆರಿಸುವಾಗ ಅವಸರ ಬೇಡ. ಅಮೆರಿಕ ಬೇಡವೇ ಬೇಡ. ನಿಮ್ಮ ಕ್ರಾಸಿನ ಅರ್ಧ ಮಕ್ಕಳು ಅಲ್ಲೇ ಇದ್ದಾರೆ, ‘ಯಾವ ಊರು? ನಮ್ಮ ಹುಡುಗನಿಗೆ ಫೋನ್ ಮಾಡೋಕೆ ಹೇಳ್ತೀನಿ’ ಎಂದು ಬೆನ್ನು ಹತ್ತುತ್ತಾರೆ. ದುಬೈ ತೀರಾ ಹತ್ತಿರ, ದೀಪಾವಳಿಗೆ ಯಾಕೆ ಬರಲಿಲ್ಲ ಎನ್ನುತ್ತಾರೆ. ಫಿನ್‌ಲೆಂಡ್ ಒಳ್ಳೆಯದು. ದೂರ, ಚಳಿ, ವರ್ಷದಲ್ಲಿ ಬಹಳ ದಿನ ಕತ್ತಲೆ. ವಾಕಿಂಗ್ ಗೆಳೆಯರಲ್ಲಿ ಯಾರೂ ಹೋಗಿಬಂದಿರುವುದಿಲ್ಲ. ‘ಅಲ್ಲಿ ಚಿಕ್ಕ ಮಕ್ಕಳಿಗೆ ಹವಾ ಆಗಿಬರಲ್ಲ, ಅದಕ್ಕೆ ಇವರಿಬ್ಬರೂ ಇಲ್ಲಿ’ ಎಂದರೆ ಸೂಟ್‌ಕೇಸಿನ ಲೆಕ್ಕವೂ ಸರಿಹೋಗುತ್ತದೆ.

ಮಗುವಿಗೂ ಇದನ್ನು ಕಲಿಸಿ. ‘ಪಪ್ಪ ಎಲ್ಲಿ ಪುಟ್ಟಾ?’ ಎಂದು ಯಾರಾದರೂ ಕೇಳಿದರೆ ‘ಫಿನ್‌ಲೆಂಡ್’ ಎನ್ನಬೇಕು. ಇಲ್ಲೊಂದು ತಾಂತ್ರಿಕ ತೊಂದರೆ ಇದೆ. ಕೋರ್ಟಿನ ಆದೇಶದಂತೆ ತಿಂಗಳಿಗೆರಡು ಭಾನುವಾರ ಮಾಲಿನಲ್ಲಿ ಪಪ್ಪನನ್ನು ನೋಡಿ, ಐಸ್‌ಕ್ರೀಂ ತಿಂದು ಬರುವ ಆರು ವರ್ಷದ ಮಗು, ಫಿನ್‌ಲೆಂಡ್ ಎಂದರೆ ಮಾಲಿನ ಎರಡನೇ ಮಹಡಿ ಎಂದು ತಿಳಿಯುವ ಸಂಭವವಿದೆ. ಎದುರು ಮನೆಯವರ ಮುಂದೆ ‘ಫಿನ್‌ಲೆಂಡಲ್ಲಿ ಎಸ್ಕಲೇಟರ್ ಕೆಟ್ಟಿತ್ತು’ ಎಂದರೆ ಗದರಬೇಡಿ. ‘ಮಕ್ಕಳ ಕಲ್ಪನೆ’ ಎಂದು ನಕ್ಕು ಒಳಗೆ ಕರೆದುಕೊಂಡು ಹೋಗಿ, ಆಮೇಲೆ ತಿದ್ದಿ. ಮಗಳೂ ಈ ಕತೆಯೊಳಗೆ ಸಿಕ್ಕಿಕೊಳ್ಳುವುದು ಇದರ ದೊಡ್ಡ ಲಾಭ. ಗಂಡ ಫಿನ್‌ಲೆಂಡಿನಲ್ಲಿರುವವಳು ಯಾರ ಹತ್ತಿರ ಏನು ತೋಡಿಕೊಂಡಾಳು? ಬೀದಿಯಲ್ಲಿ ಅವಳಿಗೆ ಒಬ್ಬ ಗೆಳತಿಯೂ ಆಗುವುದಿಲ್ಲ. ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ.

ಮಗುವಿನ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳಿ. ಮಗನ ಮಗನಿಗೆ ಕೊಟ್ಟದ್ದನ್ನೇ ಇದಕ್ಕೂ ಕೊಡಿ, ಅಷ್ಟೇ ಚಕ್ಕುಲಿ, ಅಷ್ಟೇ ಹಾಲು. ವ್ಯತ್ಯಾಸವನ್ನು ಕ್ರಿಯಾಪದದಲ್ಲಿ ಇಡಿ: ಅವನು ತಗೊಳ್ಳಲಿ, ಇದು ಕೇಳಿ ತಗೊಳ್ಳಲಿ. ‘ಅಣ್ಣನ ಸೈಕಲ್ ಪುಟ್ಟಾ, ಕೇಳಿ ಮುಟ್ಟು.’ ‘ಅಣ್ಣನ ಕಾರ್ಟೂನ್ ಮುಗೀಲಿ.’ ಆರು ವರ್ಷದ ಮಗು ಆರು ತಿಂಗಳಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯುವ ಮೊದಲು ಸುತ್ತ ನೋಡುವುದನ್ನು ಕಲಿಯುತ್ತದೆ. ಬಂದವರು ಅದನ್ನು ನೋಡಿ, ‘ಎಷ್ಟು ಶಿಸ್ತಿನ ಮಗು!’ ಎನ್ನುತ್ತಾರೆ. ಶ್ರೇಯಸ್ಸು ನೀವೇ ತೆಗೆದುಕೊಳ್ಳಿ.

ಗುಣದೋಷಗಳ ಹಂಚಿಕೆಗೆ ನಿಯಮ ಸರಳ. ಮಗ್ಗಿ ಹೇಳಿದರೆ ತಾತನ ಬುದ್ಧಿ. ಹಾಡಿದರೆ ಅಜ್ಜಿಯ ಕಂಠ. ಲೋಟ ಒಡೆದರೆ, ಸುಳ್ಳು ಹೇಳಿದರೆ, ಹಟ ಮಾಡಿದರೆ ‘ಥೇಟ್ ಅವರಪ್ಪ’. ಮಗು ತನ್ನಲ್ಲಿ ಅರ್ಧ ಭಾಗ ಈ ಮನೆಯದು, ಅರ್ಧ ಭಾಗ ಮುಚ್ಚಿಡಬೇಕಾದದ್ದು ಎಂದು ಬೇಗ ಅರ್ಥ ಮಾಡಿಕೊಳ್ಳುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಆಗಾಗ ಬಳಸಿ. ಅದರಲ್ಲಿ ತಾತ ಅಜ್ಜಿಯ ಹೆಸರಿಲ್ಲ.

ಭಾನುವಾರದ ಭೇಟಿ ಮುಗಿಸಿ ಮಗು ಬಂದ ಕೂಡಲೇ ವಿಚಾರಣೆ ನಡೆಸಿ. ತಾಯಿ ಸ್ನಾನಕ್ಕೆ ಹೋದ ಹೊತ್ತು ಆರಿಸಿಕೊಳ್ಳಿ. ಕೈಯಲ್ಲೊಂದು ಬಟ್ಟಲು ಪಾಯಸ ಇರಲಿ. ಏನು ಕೊಡಿಸಿದ, ಏನು ಕೇಳಿದ, ಜೊತೆಗೆ ಆಂಟಿ ಯಾರಾದರೂ ಬಂದಿದ್ದರಾ. ಮಗು ತಡವರಿಸಿದರೆ ಚಮಚ ತಡೆಯಿರಿ.

ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಜಾಗ ಬಂದಾಗ ಮಗಳ ಪೆನ್ನು ನಿಲ್ಲುತ್ತದೆ. ಆಗ ನೀವು ನಿಟ್ಟುಸಿರು ಬಿಡಿ. 1956ರ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯ್ದೆ ಸಹಜ ಪೋಷಕ ಮೊದಲು ತಂದೆ, ಅವನಾದ ಮೇಲೆ ತಾಯಿ ಎಂದು ಬರೆದಿಟ್ಟಿದ್ದು ನಿಜ. ತಂದೆ ಬದುಕಿದ್ದರೂ ಮಗುವಿನ ಹೊಣೆಯಿಂದ ದೂರವಿದ್ದಾಗ ತಾಯಿಯೇ ಆ ಜಾಗಕ್ಕೆ ಬರುತ್ತಾಳೆ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದೂ ನಿಜ. 2016ರ ಕೊನೆಯಿಂದ ಪಾಸ್‌ಪೋರ್ಟ್ ಅರ್ಜಿಗೆ ತಂದೆ ತಾಯಿಯರಲ್ಲಿ ಒಬ್ಬರ ಹೆಸರಿದ್ದರೆ ಸಾಕು. ಇವನ್ನೆಲ್ಲ ಮಗಳಿಗೆ ಹೇಳಿ ತಲೆ ಕೆಡಿಸಬೇಡಿ. ಶಾಲೆಯ ಗುಮಾಸ್ತರ ಮುಂದೆ ‘ನಾನಿದ್ದೀನಲ್ಲ ಸಾರ್, ತಾತ’ ಎಂದು ನೀವೇ ಮುಂದೆ ಬಂದು ಸಹಿ ಹಾಕಿ. ಋಣಕ್ಕೆ ಇನ್ನೊಂದು ಸಾಲು ಸೇರಿತು.

ಈಗ ಹಬ್ಬಗಳಿಗೆ ಬನ್ನಿ. ಕೌಶಲ್ಯ ಬೇಕಾಗುವುದು ಇಲ್ಲೇ. ವಿಚ್ಛೇದನ ಆದವಳು ಮುತ್ತೈದೆಯೋ ಅಲ್ಲವೋ ಎಂಬುದಕ್ಕೆ ಪುರೋಹಿತರಿಂದ ಖಚಿತ ಉತ್ತರ ಪಡೆಯಲು ಹೋಗಬೇಡಿ; ಅವರು ‘ಕಾಲ ಬದಲಾಗಿದೆ, ಕೊಡಬಹುದು’ ಎಂದುಬಿಟ್ಟರೆ ಕಷ್ಟ. ಪ್ರಶ್ನೆಯನ್ನು ಏಳದಂತೆ ನೋಡಿಕೊಳ್ಳಿ. ವರಮಹಾಲಕ್ಷ್ಮಿಯ ದಿನ ನಸುಕಿನಿಂದ ಅವಳಿಗೆ ಕೆಲಸ ಕೊಡಿ: ಹೂರಣ ರುಬ್ಬಲಿ, ಹೋಳಿಗೆ ತಟ್ಟಲಿ, ಹೂ ಕಟ್ಟಲಿ, ಕಳಸಕ್ಕೆ ಸೀರೆ ನೆರಿಗೆ ಹಿಡಿದು ಉಡಿಸಲಿ, ಅದರಲ್ಲಿ ಅವಳ ಕೈ ಚೆನ್ನ. ಬೀದಿಯ ಹೆಂಗಸರು ಬಂದು ಸಾಲಾಗಿ ಕೂತು, ಕುಂಕುಮದ ತಟ್ಟೆ ಇನ್ನೇನು ಅವಳ ಹತ್ತಿರ ಬರಬೇಕು ಎನ್ನುವಾಗ, ‘ಪುಟ್ಟಿ, ಹಾಲು ಉಕ್ಕುತ್ತೇನೋ ನೋಡು’ ಎಂದು ಅಡುಗೆಮನೆಗೆ ಕಳಿಸಿ. ಹಾಲು ಒಲೆಯ ಮೇಲೆ ಇಲ್ಲದಿದ್ದರೂ ಪರವಾಗಿಲ್ಲ. ಮೊದಲ ವರ್ಷ ಅವಳು ಹೋಗಿ ನೋಡಿ ಬರುತ್ತಾಳೆ. ಎರಡನೇ ವರ್ಷ ನೀವು ಹೇಳುವ ಮುಂಚೆಯೇ ಎದ್ದು ಹೋಗುತ್ತಾಳೆ. ಅವಮಾನ ಮಾಡಿದವರು ಯಾರೂ ಇಲ್ಲ, ಆಗಬೇಕಾದದ್ದು ಆಯಿತು.

ಗೌರಿ ಹಬ್ಬದಲ್ಲಿ ಇನ್ನೂ ಸೂಕ್ಷ್ಮವಿದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತವರಿನಿಂದ ಮಂಗಳದ್ರವ್ಯ ಹೋಗಬೇಕು, ಮೊರದ ಬಾಗಿನ ಹೋಗಬೇಕು: ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಅಕ್ಕಿ, ಬೇಳೆ, ಬೆಲ್ಲ, ಕಾಯಿ, ರವಿಕೆ ಕಣ. ಹಾಸನದಲ್ಲಿರುವ ಎರಡನೇ ಮಗಳಿಗೆ ತಪ್ಪದೆ ಕಳಿಸಿ. ಇವಳಿಗೆ ಕಳಿಸಲು ವಿಳಾಸವಿಲ್ಲ. ಕೊಟ್ಟ ಮನೆಯಲ್ಲಿ ಇಲ್ಲ, ಇಲ್ಲೇ ಇದ್ದಾಳೆ, ಇಲ್ಲಿರುವವಳಿಗೆ ಇಲ್ಲಿಂದ ಕಳಿಸುವುದು ಹೇಗೆ? ‘ದಿನಾ ಊಟ ಮಾಡೋದೇ ತವರಲ್ಲಿ, ಅದಕ್ಕಿಂತ ಬಾಗಿನ ಬೇಕಾ’ ಎಂದು ತಮಾಷೆ ಮಾಡಿ. ತಂಗಿಯ ಮೊರಕ್ಕೆ ಅರಿಶಿನ ಹಚ್ಚಿ ಒಣಗಿಸುವ ಕೆಲಸ ಇವಳಿಗೇ ಕೊಡಿ.

ಮಾದರಿ ಬೇಕಿದ್ದರೆ ಗೌರಿಯನ್ನೇ ನೋಡಿ. ಭಾದ್ರಪದದ ತದಿಗೆಯ ದಿನ ತವರಿಗೆ ಬರುತ್ತಾಳೆ, ಮರುದಿನ ಮಗ ಹಿಂದೆಯೇ ಬರುತ್ತಾನೆ. ಗಂಡ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ತಾಯಿ ಮಗ ಇಬ್ಬರಿಗೂ ಮಂಟಪ, ಕಡುಬು, ಆರತಿ. ಇಷ್ಟೆಲ್ಲ ಸಾಧ್ಯವಾಗಿರುವುದು ಅವಳು ಹೊರಡುವ ದಿನ ಮೊದಲೇ ಗೊತ್ತಿರುವುದರಿಂದ. ಮಡಿಲು ತುಂಬಿ, ಮೊಸರನ್ನದ ಬುತ್ತಿ ಕಟ್ಟಿ, ನೀರಿಗೆ ಬಿಟ್ಟು ಬಂದರೆ ಮುಂದಿನ ವರ್ಷದವರೆಗೆ ತೊಂದರೆಯಿಲ್ಲ. ಹೊರಡದೆ ಉಳಿದ ಗೌರಿಗೆ ಏನು ಮಾಡಬೇಕು ಎಂಬುದನ್ನು ಒಂಟಿಕೊಪ್ಪಲ್ ಪಂಚಾಂಗವೂ ಹೇಳುವುದಿಲ್ಲ. ಆ ಕೊರತೆಯನ್ನೇ ಈ ಕೈಪಿಡಿ ತುಂಬುತ್ತಿದೆ.

(ಇಂಥ ಮನೆಗಳಲ್ಲಿ ಎಲ್ಲದಕ್ಕೂ ಸೊಸೆಯನ್ನು ದೂರುವ ವಾಡಿಕೆ ಇದೆ. ‘ನಮಗೇನಿಲ್ಲಮ್ಮ, ನಿಮ್ಮ ಅತ್ತಿಗೆ ಏನಂದುಕೊಳ್ತಾಳೋ’ ಎಂಬುದು ಬಹಳ ಕೆಲಸಕ್ಕೆ ಬರುವ ವಾಕ್ಯ, ಬಳಸಿ. ಆದರೆ ನಮ್ಮ ನಮ್ಮೊಳಗೆ ಹೇಳುವುದಾದರೆ ಇದು ಅನ್ಯಾಯ. ಸೊಸೆ ಮಹಡಿ ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡುತ್ತಿರುತ್ತಾಳೆ. ತನ್ನ ತವರಿನಲ್ಲೂ ಈ ಕೈಪಿಡಿಯ ಒಂದು ಪ್ರತಿ ಇದೆ ಎಂದು ಅವಳಿಗೆ ಗೊತ್ತು. ಅವಳು ನಿಮ್ಮ ಮಗನೊಡನೆ ಅಷ್ಟು ಹೊಂದಿಕೊಂಡು ಹೋಗುತ್ತಿರುವುದಕ್ಕೆ ಇದೂ ಒಂದು ಕಾರಣವಿರಬಹುದು.)

ದುಡ್ಡಿನ ವಿಷಯದಲ್ಲಿ ಧಾರಾಳವಾಗಿರಿ. ಮೊದಲ ಸಂಬಳ ಬಂದ ದಿನ ಅವಳು ಲಕೋಟೆ ಹಿಡಿದುಕೊಂಡು ಬರುತ್ತಾಳೆ. ‘ಛೆ ಛೆ, ಮಗಳ ಹತ್ತಿರ ದುಡ್ಡು ತಗೊಳ್ಳೋ ಮನೆಯೇನಮ್ಮ ಇದು’ ಎಂದು ಕೈ ಹಿಂದಕ್ಕೆಳೆದುಕೊಳ್ಳಿ. ಲಕೋಟೆ ತೆಗೆದುಕೊಂಡರೆ ಅದು ಬಾಡಿಗೆಯಾಗುತ್ತದೆ, ಬಾಡಿಗೆ ಕೊಟ್ಟವಳಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕು ಬರುತ್ತದೆ. ಅದರ ಬದಲು ಗ್ಯಾಸ್ ಸಿಲಿಂಡರಿನವನು ಬಂದಾಗ ಪೂಜೆಗೆ ಕೂರಿ. ಹಾಲಿನವನ ಚೀಟಿಯನ್ನು ಅವಳ ಕಣ್ಣಿಗೆ ಬೀಳುವಂತೆ ಫ್ರಿಜ್ಜಿಗೆ ಅಂಟಿಸಿ. ಬೀಪಿ ಮಾತ್ರೆಯ ಖಾಲಿ ಹಾಳೆಯನ್ನು ಊಟದ ಮೇಜಿನ ಮೇಲೆ ಬಿಡಿ. ಇಂಟರ್ನೆಟ್ಟು, ಕೆಲಸದವಳು, ವಾಟರ್ ಫಿಲ್ಟರಿನ ಸರ್ವಿಸು ಒಂದೊಂದೇ ತಾವಾಗಿಯೇ ಅವಳ ಕಡೆ ಸರಿಯುತ್ತವೆ. ಇದನ್ನು ಎಲ್ಲೂ ಬರೆದಿಡಬೇಡಿ. ಬರೆದಿಡದ ದುಡ್ಡು ಕೊಟ್ಟಂತಲ್ಲ.

ಬರೆದಿಡಬೇಕಾದದ್ದು ಮದುವೆಯ ಖರ್ಚು. ಅದನ್ನು ಯುಗಾದಿಗೊಮ್ಮೆ ಪರಿಷ್ಕರಿಸಿ. ಛತ್ರ, ಊಟ, ವಾಲಗ ಆಗಿನ ದರದಲ್ಲೇ ಇರಲಿ. ಹಾಕಿದ ಬಂಗಾರವನ್ನು ಮಾತ್ರ ಇವತ್ತಿನ ಗ್ರಾಂ ದರದಲ್ಲಿ ಹೇಳಿ. ಮಗನ ವ್ಯವಹಾರಕ್ಕೆಂದು ಅದೇ ಬಂಗಾರದ ಎರಡು ಬಳೆ ಅಡವಿಟ್ಟು ಬಿಡಿಸಲಾಗದೆ ಹೋಯಿತಲ್ಲ, ಅದನ್ನು ಹೇಳುವಾಗ ಹಳೆಯ ದರಕ್ಕೆ ಮರಳಿ.

2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲದಿರುವುದು ನಿಮಗೂ ಅನುಕೂಲ. ಬ್ಯಾಂಕು, ಕರೆಂಟು ಬಿಲ್ಲು, ಆಸ್ಪತ್ರೆಯ ಟೋಕನ್ನು, ಊರಿನ ಪಹಣಿ ಎಲ್ಲಕ್ಕೂ ಅವಳನ್ನೇ ಕಳಿಸಿ. ಮಗನಿಗೆ ಪೆಟ್ರೋಲ್ ಖರ್ಚಾಗುತ್ತದೆ.

ಒಂದೂವರೆ ಎರಡು ವರ್ಷಕ್ಕೆ ಅಪಾಯದ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ಫೋನಿನಲ್ಲಿ ನಗುತ್ತಾಳೆ. ಅಕ್ಕಿ ಮೂಟೆಯನ್ನು ಯಾರನ್ನೂ ಕೇಳದೆ ಹಿತ್ತಲಿಗೆ ಸಾಗಿಸುತ್ತಾಳೆ. ಮಗು ಕೇಳದೆ ಟಿವಿ ಹಾಕುತ್ತದೆ. ಇವೆಲ್ಲ ಒಂದೇ ಕಡೆ ಕೈ ತೋರಿಸುತ್ತವೆ: ಬಾಡಿಗೆ ಮನೆ ಹುಡುಕುತ್ತಿದ್ದಾಳೆ. ವಿರೋಧಿಸಬೇಡಿ. ‘ನಾನೇ ಜೊತೆಗೆ ಬರ್ತೀನಿ’ ಎಂದು ಹೋಗಿ. ಮನೆ ಓನರು ‘ಯಜಮಾನರು ಏನು ಮಾಡ್ತಾರೆ?’ ಎಂದು ಕೇಳಿದಾಗ ಒಂದು ಕ್ಷಣ ತಡೆದು, ಅವಳ ಮುಖ ನೋಡಿ, ಆಮೇಲೆ ‘ಫಿನ್‌ಲೆಂಡಲ್ಲಿದ್ದಾರೆ’ ಎನ್ನಿ. ಆ ತಡೆಯುವುದರಲ್ಲೇ ಎಲ್ಲ ಇದೆ. ಎರಡು ದಿನದಲ್ಲಿ ‘ನಮ್ಮ ಸಂಬಂಧಿಕರೇ ಬರ್ತಾರಂತೆ’ ಎಂದು ಫೋನ್ ಬರುತ್ತದೆ.

ಅಷ್ಟಕ್ಕೂ ಯಾರಾದರೂ ಮನೆ ಕೊಡಲು ಒಪ್ಪಿದರೆ ಎದೆ ಹಿಡಿದುಕೊಳ್ಳಿ. ರಾತ್ರಿ ಎರಡು ಗಂಟೆ ಸೂಕ್ತ. ಮಹಡಿಯ ಮೇಲಿನವರನ್ನು ಎಬ್ಬಿಸಬೇಡಿ, ಮಗನಿಗೆ ಬೆಳಿಗ್ಗೆ ಆಫೀಸಿದೆ. ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿದೆ ಎಂದರೆ ‘ಗ್ಯಾಸ್ಟ್ರಿಕ್ ಇರಬೇಕು, ಯೋಚನೆ ಜಾಸ್ತಿ ಆಗಿದೆ’ ಎನ್ನಿ. ಯೋಚನೆ ಯಾರದ್ದು ಎಂದು ಯಾರೂ ಕೇಳುವುದಿಲ್ಲ. ಮಗಳು ಅಡ್ವಾನ್ಸ್ ವಾಪಸ್ ತರುತ್ತಾಳೆ. ನಿಮಗೆ ಮುಪ್ಪು ಬರುತ್ತಿದೆ, ಮಗ ಪುಣೆಗೋ ಸಿಂಗಪುರಕ್ಕೋ ವರ್ಗ ಕೇಳಿದ್ದಾನೆ. ಹೀಗಿರುವಾಗ ರಾತ್ರಿ ಎರಡು ಗಂಟೆಗೆ ಆಟೋ ಕರೆಯುವವರನ್ನು ಕೈಬಿಡುವುದು ಜಾಣತನವಲ್ಲ. ಕಾನೂನೂ ನಿಮ್ಮ ಪರವಾಗಿದೆ. ಮದುವೆಯಾಗಿ ಹೋದ ಮಗಳಿಗೂ ತಂದೆ ತಾಯಿಯನ್ನು ಸಾಕುವ ಹೊಣೆ ಇದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆ ಮಗ ಮಗಳು ಎಂಬ ಭೇದವನ್ನೇ ಮಾಡುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬುದು ಪಾಲಿನ ಮಾತಾಯಿತು, ಹೊಣೆಗೆ ಅದನ್ನು ಅನ್ವಯಿಸಬೇಡಿ.

ಪಾಲಿನ ವಿಷಯದಲ್ಲಿ ಹಿಂದೆ ಎಷ್ಟು ಸಲೀಸಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಂ ಓದಿದರೆ ಈಗಲೂ ಕಣ್ಣು ತುಂಬಿ ಬರುತ್ತದೆ. ವಾಸದ ಮನೆಯಲ್ಲಿ ಮಗಳು ತನ್ನ ಭಾಗ ಬಿಡಿಸಿಕೊಡಿ ಎನ್ನುವಂತಿರಲಿಲ್ಲ, ಗಂಡು ವಾರಸುದಾರರು ಮನಸ್ಸು ಮಾಡುವವರೆಗೆ ಕಾಯಬೇಕಿತ್ತು. ಮದುವೆಯಾಗದವಳು, ಗಂಡ ಬಿಟ್ಟವಳು, ಗಂಡನಿಂದ ಬೇರೆಯಾದವಳು, ವಿಧವೆ ಇವರಿಗೆ ಮಾತ್ರ ಆ ಮನೆಯಲ್ಲಿ ಇರುವ ಹಕ್ಕು, ಇರುವುದಷ್ಟೇ. ನೀವು ಮಗಳನ್ನು ಈಗ ಹೇಗೆ ಇಟ್ಟಿದ್ದೀರೋ ಸರಿಯಾಗಿ ಹಾಗೆ. ಸಂಸತ್ತು 2005ರಲ್ಲಿ ಆ ಕಲಂ ತೆಗೆದುಹಾಕಿತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತಾದರೂ ಆಗಲೇ ಮದುವೆಯಾದವರನ್ನು ಹೊರಗಿಡುವ ವಿವೇಕ ತೋರಿಸಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಅನ್ವಯಿಸಿದ ತಿದ್ದುಪಡಿಯಲ್ಲಿ ಆ ವಿವೇಕವೂ ಹೋಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಮಗಳ ಪಾಲು ಹುಟ್ಟಿನಿಂದಲೇ ಬರುವಂಥದ್ದು ಎಂದು ಉಳಿದಿದ್ದ ಗೊಂದಲವನ್ನೂ ಮುಗಿಸಿತು.

ಗಾಬರಿ ಬೇಡ. ಕುವೆಂಪುನಗರದ ಮನೆ ನಿಮ್ಮ ಸ್ವಂತ ಸಂಪಾದನೆ. ವಿಲ್ ಬರೆಯಿರಿ, ನೋಂದಣಿ ಕಡ್ಡಾಯವೂ ಅಲ್ಲ, ಇಬ್ಬರು ಸಾಕ್ಷಿ ಸಾಕು. ಬರೆಯದೆ ಹೋದರೆ ಹೆಂಡತಿ, ಮಗ, ಹೆಣ್ಣುಮಕ್ಕಳು ಎಲ್ಲರಿಗೂ ಸಮಸಮ ಪಾಲು, ನಿಮ್ಮ ಜೀವಮಾನದ ಶ್ರಮ ನ್ಯಾಯದ ಪಾಲಾಗುತ್ತದೆ. ತಿ. ನರಸೀಪುರದ ಕಡೆಯ ನಾಲೆ ಬಯಲಿನ ಎರಡು ಎಕರೆ ಮಾತ್ರ ತಾತನ ಕಾಲದ್ದು. ಅದಕ್ಕೆ ಹಕ್ಕು ಖುಲಾಸೆ ಪತ್ರ ಬೇಕು. ವಂಶವೃಕ್ಷದಿಂದ ಅವಳ ಹೆಸರು ಬಿಡುವ ಹಳ್ಳಿಯ ಉಪಾಯಕ್ಕೆ ಹೋಗಬೇಡಿ, ಅದು ಅಪರಾಧ. ಸಹಿ ಮಾಡಿಸಿಕೊಳ್ಳುವುದು ಪ್ರೀತಿ.

ಸಮಯ ನೋಡಿ. ಮೊಮ್ಮಗುವಿನ ಶಾಲೆಯ ಫೀಸನ್ನು ಒಂದು ಸಲ ನೀವೇ ಕಟ್ಟಿ, ರಸೀತಿಯನ್ನು ಅವಳ ಕೈಗೇ ಕೊಡಿ. ಹದಿನೈದು ದಿನ ಬಿಡಿ. ಆಮೇಲೆ ಅವಳ ಅಣ್ಣ, ‘ಬ್ಯಾಂಕ್ ಲೋನಿಗೆ ಕೇಳ್ತಿದ್ದಾರೆ, ಒಂದು ಸೈನ್ ಅಷ್ಟೆ’ ಎನ್ನಲಿ. ನೀವು ಏನೂ ಹೇಳಬೇಡಿ, ಪೇಪರ್ ಓದಿ. ಅವಳ ತಾಯಿ ಅರಿಶಿನ ಕುಂಕುಮದ ಜೊತೆ ಒಂದು ರೇಷ್ಮೆ ಸೀರೆ ತಂದು ಮಡಿಲಿಗೆ ಇಡಲಿ. ಹಬ್ಬಗಳಲ್ಲಿ ದಾಟಿಹೋಗುತ್ತಿದ್ದ ಕುಂಕುಮದ ತಟ್ಟೆ ಅವತ್ತು ಅವಳ ಮುಂದೆ ನಿಲ್ಲಲಿ. ಅವಳಿಗೆ ಅರ್ಥವಾಗುತ್ತದೆ. ಇಷ್ಟು ವರ್ಷದ ಪಾಲನೆ ವ್ಯರ್ಥವಾಗಿರುವುದಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹಗಲಲ್ಲೇ ಕರೆದುಕೊಂಡು ಹೋಗಿ, ಈಗ ಬೀದಿ ನೋಡಿದರೂ ಚಿಂತೆಯಿಲ್ಲ. ಪತ್ರದಲ್ಲಿ ‘ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ’ ಎಂಬ ಸಾಲು ಇದೆಯೇ ನೋಡಿಕೊಳ್ಳಿ. ಕ್ಯಾಮೆರಾ ಮುಂದೆ ಕೂತಾಗ ತಲೆ ಎತ್ತಲು ಹೇಳಿ, ಫೋಟೊ ಸರಿಯಾಗಿ ಬರದಿದ್ದರೆ ಇನ್ನೊಂದು ಸಲ ಕೂರಿಸುತ್ತಾರೆ. ಹೆಬ್ಬೆರಳು ಒತ್ತಿದ ಮೇಲೆ ಎಲ್ಲರೂ ಸೇರಿ ಒಳ್ಳೆಯ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿನ್ನಿ, ಮಗುವಿಗೆ ಅದು ಕೇಳಿದ ಐಸ್‌ಕ್ರೀಂ ಕೊಡಿಸಿ. ಬಿಲ್ಲು ಬಂದಾಗ ಅವಳು ಪರ್ಸು ತೆಗೆದರೆ ತಡೆಯಬೇಡಿ. ಸ್ವಾಭಿಮಾನದ ಹುಡುಗಿ, ಬೇಜಾರು ಮಾಡಿಕೊಳ್ಳುತ್ತಾಳೆ.